ಮತದಾನದ ದಿನ ಜೈಲಿನಲ್ಲಿ ಯಾರಿದ್ದರು?

(ಮುಂಬಯಿಯ ಮಾಟುಂಗದಲ್ಲಿ ಕನ್ನಡ ಗೆಳೆಯರ ಒಂದು ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಚುನಾವಣೆ ಮುಗಿದ ಕೂಡಲೇ ನಾವೆಲ್ಲ ಕೇಳುವುದು ಒಂದೇ, ಯಾರು ಗೆದ್ದರು, ಎಷ್ಟು ಓಟಿನಿಂದ ಗೆದ್ದರು. ಇವತ್ತು ಬೇರೆ ಪ್ರಶ್ನೆ ಕೇಳೋಣ. ಜನ ಸಾಲಿನಲ್ಲಿ ನಿಂತು ಮತ ಹಾಕುತ್ತಿದ್ದಾಗ ಜೈಲಿನಲ್ಲಿ ಯಾರಿದ್ದರು? ಅವರನ್ನು ಹಿಡಿದದ್ದು ಯಾವಾಗ, ಬಿಟ್ಟದ್ದು ಯಾವಾಗ? ಈ ತಾರೀಕುಗಳನ್ನು ಚುನಾವಣೆಯ ವೇಳಾಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಸರ್ಕಾರ ಯಾವ ಭಾಷಣದಲ್ಲೂ ಹೇಳದ ವಿಷಯ ಅಲ್ಲಿ ಕಾಣುತ್ತದೆ.

ಬರ್ಮಾದಿಂದ ಶುರು ಮಾಡುತ್ತೇನೆ. ಈಗ ಅದು ಮ್ಯಾನ್ಮಾರ್. ಪುಣೆ, ಮುಂಬಯಿ ಕಡೆಯವರಿಗೆ ಅಲ್ಲಿನ ಮಂಡಾಲೆ ಜೈಲು ಹೊಸ ಹೆಸರೇನಲ್ಲ. 1908ರಲ್ಲಿ ಇದೇ ಊರಿನ ಹೈಕೋರ್ಟಿನಲ್ಲಿ ಶಿಕ್ಷೆಯಾದ ಮೇಲೆ ತಿಲಕರನ್ನು ಆರು ವರ್ಷ ಕೂಡಿಹಾಕಿದ್ದು ಅಲ್ಲೇ. ಜನ ಯಾರ ಮಾತು ಕೇಳುತ್ತಾರೋ ಅವರನ್ನು ದೂರ ಕಳಿಸಿಬಿಡು ಅನ್ನುವುದು ಬ್ರಿಟಿಷರ ಕಾಲದ ಬುದ್ಧಿ. ಬರ್ಮಾದ ಸೇನಾಧಿಕಾರಿಗಳು ಅದನ್ನು ಚೆನ್ನಾಗಿ ಕಲಿತುಕೊಂಡರು. ದೂರ ಕಳಿಸುವ ಖರ್ಚನ್ನೂ ಉಳಿಸಿದರು, ಮನೆಯಲ್ಲೇ ಕೂಡಿಹಾಕಿದರು.

ಅಲ್ಲಿ ಪ್ರಜಾಪ್ರಭುತ್ವಕ್ಕಾಗಿ ಹೋರಾಡಿದ ಆಂಗ್ ಸಾನ್ ಸೂ ಕಿ ಅವರನ್ನು ಮೊದಲು ಗೃಹಬಂಧನದಲ್ಲಿ ಇಟ್ಟದ್ದು 1989ರ ಜುಲೈನಲ್ಲಿ. ಚುನಾವಣೆ ನಡೆದದ್ದು 1990ರ ಮೇ ತಿಂಗಳಲ್ಲಿ. ನಾಯಕಿ ಒಳಗಿದ್ದರೂ ಅವರ ಎನ್‌ಎಲ್‌ಡಿ ಪಕ್ಷ 485ರಲ್ಲಿ 392 ಸ್ಥಾನ ಗೆದ್ದಿತು. ಸೇನೆಗೆ ಗಾಬರಿ. ಫಲಿತಾಂಶವನ್ನು ಪಕ್ಕಕ್ಕಿಟ್ಟು ಅಧಿಕಾರ ತಾನೇ ಇಟ್ಟುಕೊಂಡಿತು. ಆಮೇಲೆ ಇಪ್ಪತ್ತು ವರ್ಷ ಚುನಾವಣೆಯೇ ಇಲ್ಲ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಅದಾದ ಮುಂದಿನ ಚುನಾವಣೆ, 2010ರದ್ದು. ಸೂ ಕಿ ಅವರ ಬಂಧನದ ಅವಧಿ 2009ರ ಮೇ ಕೊನೆಗೆ ಮುಗಿಯುವುದರಲ್ಲಿತ್ತು. ಅಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಯಾರೂ ಕರೆಯದೆ ಅಮೆರಿಕದ ಒಬ್ಬ ಮನುಷ್ಯ ಯಾಂಗೊನ್‌ನ ಇನ್ಯಾ ಕೆರೆಯನ್ನು ಈಜಿಕೊಂಡು ಅವರ ಮನೆಗೆ ಬಂದುಬಿಟ್ಟ. ಗೃಹಬಂಧನದ ಷರತ್ತು ಮುರಿದರು ಅಂತ ಕೇಸು ಬಿತ್ತು, ಈಜಿದವನ ಮೇಲಷ್ಟೇ ಅಲ್ಲ, ಸೂ ಕಿ ಅವರ ಮೇಲೂ. ಕೋರ್ಟು ಮೂರು ವರ್ಷ ಕಠಿಣ ಶಿಕ್ಷೆ ಕೊಟ್ಟಿತು. ಸೇನಾ ಮುಖ್ಯಸ್ಥ ದಯೆ ತೋರಿಸಿ ಅದನ್ನು ಹದಿನೆಂಟು ತಿಂಗಳ ಗೃಹಬಂಧನಕ್ಕೆ ಇಳಿಸಿದರು. 2009ರ ಮೇ ತಿಂಗಳಿಂದ ಹದಿನೆಂಟು ತಿಂಗಳು ಎಣಿಸಿ. ಎಲ್ಲಿಗೆ ಬರುತ್ತದೆ? 2010ರ ನವೆಂಬರ್. ಮತದಾನ ನಡೆದದ್ದು ನವೆಂಬರ್ 7. ಅವರನ್ನು ಬಿಟ್ಟದ್ದು ನವೆಂಬರ್ 13. ಜೈಲಿನ ಲೆಕ್ಕವನ್ನು ಮತಗಟ್ಟೆಯ ಲೆಕ್ಕಕ್ಕೆ ಇಷ್ಟು ನೀಟಾಗಿ ಹೊಂದಿಸಿದ ಇನ್ನೊಂದು ಉದಾಹರಣೆ ನನಗಂತೂ ಕಂಡಿಲ್ಲ.

ಅಷ್ಟೇ ಆಗಿದ್ದರೆ ಒಬ್ಬರ ಕಥೆ ಆಗುತ್ತಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಸೇನೆ ಪಕ್ಷಗಳ ನೋಂದಣಿಗೆ ಒಂದು ಕಾನೂನು ತಂದಿತು. ಶಿಕ್ಷೆ ಅನುಭವಿಸುತ್ತಿರುವವರು ಯಾವ ಪಕ್ಷದ ಸದಸ್ಯರೂ ಆಗಿರಬಾರದು. ಅಂದರೆ ಎನ್‌ಎಲ್‌ಡಿಗೆ ಎರಡೇ ದಾರಿ. ನಿಮ್ಮ ನಾಯಕಿಯನ್ನೂ ಜೈಲಿನಲ್ಲಿರುವ ನಿಮ್ಮ ಕಾರ್ಯಕರ್ತರನ್ನೂ ಪಕ್ಷದಿಂದ ತೆಗೆದುಹಾಕಿ ಸ್ಪರ್ಧೆಗೆ ಬನ್ನಿ, ಇಲ್ಲದಿದ್ದರೆ ಪಕ್ಷವನ್ನೇ ಮುಚ್ಚಿ. ಅವರು ನೋಂದಣಿ ಮಾಡಿಸಲಿಲ್ಲ, ಪಕ್ಷ ವಿಸರ್ಜನೆಯಾಯಿತು. ಕೆಲವರು ಹೊರಬಂದು ಬೇರೆ ಪಕ್ಷ ಕಟ್ಟಿ ಸ್ಪರ್ಧಿಸಿದರು. ಜೈಲಿನಲ್ಲಿ ಒಬ್ಬರನ್ನು ಇಟ್ಟುಕೊಂಡು, ಹೊರಗಿರುವವರನ್ನು ಎರಡು ಮಾಡುವುದು. ಇದು ಬರೀ ಬಂಧನಕ್ಕಿಂತ ಕೆಟ್ಟದ್ದು ಅಂತ ನನಗನ್ನಿಸುತ್ತದೆ, ಯಾಕೆಂದರೆ ಸ್ನೇಹಿತರ ನಡುವೆಯೇ ಜಗಳ ಹಚ್ಚುತ್ತದೆ. 1988ರ ವಿದ್ಯಾರ್ಥಿ ಚಳವಳಿಯ ನಾಯಕ ಮಿನ್ ಕೋ ನೈಂಗ್‌ನಂಥವರು ಆ ಚುನಾವಣೆಯ ದಿನವೂ ಒಳಗೇ ಇದ್ದರು. ಅವರಿಗೆ ಕೊಟ್ಟ ಶಿಕ್ಷೆ 65 ವರ್ಷ. 2012ರ ಜನವರಿಯಲ್ಲಿ ಬಿಟ್ಟರು.

ಮುಂದಿನದು ನಿಮಗೆ ಗೊತ್ತಿರಬೇಕು. 2015ರಲ್ಲಿ ಎನ್‌ಎಲ್‌ಡಿ ಗೆದ್ದಿತು, 2020ರ ನವೆಂಬರ್‌ನಲ್ಲಿ ಮತ್ತೆ ಗೆದ್ದಿತು. 2021ರ ಫೆಬ್ರವರಿ 1ರಂದು ಹೊಸ ಸಂಸತ್ತು ಸೇರಬೇಕಿತ್ತು. ಅವತ್ತು ಬೆಳಕು ಹರಿಯುವ ಮೊದಲೇ ಸೇನೆ ಬಂದು ಹಿಡಿಯಿತು. ಆಗ ಸೂ ಕಿ ಅವರ ಮೇಲೆ ಹಾಕಿದ ಮೊದಲ ಆರೋಪ ಏನು ಗೊತ್ತಾ? ಮನೆಯಲ್ಲಿ ವಾಕಿಟಾಕಿ ಸಿಕ್ಕಿತು ಅಂತ. ಎರಡನೆಯದು, ಪ್ರಚಾರದ ಹೊತ್ತಿನಲ್ಲಿ ಕೋವಿಡ್ ನಿಯಮ ಮುರಿದರು ಅಂತ. ಆಮೇಲೆ ಒಂದೊಂದೇ ಸೇರಿಸಿ 33 ವರ್ಷದ ಶಿಕ್ಷೆ ಮಾಡಿದರು. 2023ರಲ್ಲಿ ಅವರ ಪಕ್ಷವನ್ನು ಮತ್ತೆ ವಿಸರ್ಜಿಸಿದರು. 2025ರ ಡಿಸೆಂಬರ್ 28ರಿಂದ ಸೇನೆ ಹಂತಹಂತವಾಗಿ ಚುನಾವಣೆ ನಡೆಸಿತು. ಹಿಂದಿನ ಎರಡು ಸಾರ್ವತ್ರಿಕ ಚುನಾವಣೆ ಗೆದ್ದ ಪಕ್ಷದ ಹೆಸರು ಈ ಸಲದ ಮತಪತ್ರದಲ್ಲೇ ಇರಲಿಲ್ಲ. ಈ ಚುನಾವಣೆಯನ್ನು ಟೀಕಿಸುವುದೇ ಅಪರಾಧ ಅಂತ ಅದಕ್ಕೂ ಮೊದಲೇ ಒಂದು ಕಾನೂನು ಬಂದಿತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಸೂ ಕಿ ಅವರನ್ನು ದೇವಿ ಮಾಡಿ ಕೂರಿಸಿದಂತಾಗುತ್ತದೆ. ಅವರು ಗೆದ್ದ 2015ರ ಚುನಾವಣೆಯಲ್ಲಿ ಅಲ್ಲಿನ ಅಲ್ಪಸಂಖ್ಯಾತ ಮುಸ್ಲಿಮರಾದ ರೋಹಿಂಗ್ಯಾ ಜನರಿಗೆ ಮತವೇ ಇರಲಿಲ್ಲ. ಅವರ ಸರ್ಕಾರ ಇದ್ದಾಗಲೇ, ರೋಹಿಂಗ್ಯಾ ಜನರ ಕೊಲೆಯ ಬಗ್ಗೆ ವರದಿ ಮಾಡುತ್ತಿದ್ದ ರಾಯಿಟರ್ಸ್‌ನ ಇಬ್ಬರು ಪತ್ರಕರ್ತರು ಐನೂರು ದಿನಕ್ಕೂ ಜಾಸ್ತಿ ಜೈಲಿನಲ್ಲಿದ್ದರು. ಒಳಗೆ ಇದ್ದು ಬಂದವರು ಬೇರೆಯವರನ್ನು ಒಳಗೆ ಹಾಕುವುದಿಲ್ಲ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಇದಕ್ಕೆ ಬರ್ಮಾಕ್ಕೇ ಹೋಗಬೇಕಾಗಿಲ್ಲ, ಬಿಡಿ.

ಬೆಲಾರುಸ್ ಬಗ್ಗೆ ನಾಲ್ಕೇ ಮಾತು. ಅಲ್ಲಿ 2020ರ ಆಗಸ್ಟ್ 9ಕ್ಕೆ ಅಧ್ಯಕ್ಷರ ಚುನಾವಣೆ. ಸ್ಪರ್ಧಿಸಲು ಹೊರಟ ಸೆರ್ಗೈ ಟಿಖಾನೋವ್‌ಸ್ಕಿಯನ್ನು ಮೇ ತಿಂಗಳಲ್ಲಿ ಹಿಡಿದರು. ಬ್ಯಾಂಕಿನಲ್ಲಿದ್ದ ವಿಕ್ಟರ್ ಬಬರಿಕೊ ಅವರನ್ನು ಜೂನ್‌ನಲ್ಲಿ ಹಿಡಿದರು. ನಾಮಪತ್ರದ ಹೊತ್ತಿಗೇ ಇಬ್ಬರೂ ಒಳಗೆ. ಸೆರ್ಗೈ ಹೆಂಡತಿ ಸ್ವೆಟ್ಲಾನಾ ಗಂಡನ ಬದಲು ನಿಂತರು. ಹೆಂಗಸಿಗೆ ಮತ ಹಾಕುವಷ್ಟು ನಮ್ಮ ಸಮಾಜ ಬೆಳೆದಿಲ್ಲ ಅಂತ ಅಧ್ಯಕ್ಷ ಲುಕಾಶೆಂಕೊ ಬಹಿರಂಗವಾಗಿಯೇ ಹೇಳಿದ್ದರು. ಹಾಗಾಗಿ ಆಕೆಯನ್ನು ನಿಲ್ಲಲು ಬಿಟ್ಟರು. ನೋಡಿದರೆ ಆಕೆಯ ಸಭೆಗಳಿಗೆ ಹತ್ತಾರು ಸಾವಿರ ಜನ. ಕೊನೆಗೆ ಲುಕಾಶೆಂಕೊಗೆ ಶೇ 80 ಮತ ಅಂತ ಘೋಷಿಸಿದರು. ಬೀದಿಗಿಳಿದ ಜನರಲ್ಲಿ ಸುಮಾರು ಏಳು ಸಾವಿರ ಮಂದಿಯನ್ನು ಮೊದಲ ಕೆಲವೇ ದಿನಗಳಲ್ಲಿ ಹಿಡಿದು ತುಂಬಿದರು. ಅಂದರೆ ಅಭ್ಯರ್ಥಿಗಳ ಬಂಧನ ಮತದಾನಕ್ಕೆ ಮೊದಲು, ಮತದಾರರ ಬಂಧನ ಎಣಿಕೆ ಆದ ಮೇಲೆ. ಟಾಂಜಾನಿಯಾದಲ್ಲೂ ಹಾಗೇ ಆಯಿತು. ವಿರೋಧಪಕ್ಷದ ಟುಂಡು ಲಿಸ್ಸು ಅವರನ್ನು 2025ರ ಏಪ್ರಿಲ್‌ನಲ್ಲಿ ರಾಜದ್ರೋಹದ ಕೇಸಿನಲ್ಲಿ ಹಿಡಿದರು. ಅಕ್ಟೋಬರ್‌ನಲ್ಲಿ ಚುನಾವಣೆ ಆಯಿತು. ಅಧಿಕಾರದಲ್ಲಿದ್ದವರಿಗೆ ಹತ್ತಿರ ಹತ್ತಿರ ಶೇ 98 ಮತ ಬಂತಂತೆ.

ಈಗ ನಮ್ಮ ಮನೆ ವಿಷಯಕ್ಕೆ ಬರೋಣ.

ತುರ್ತು ಪರಿಸ್ಥಿತಿ ಅಂದರೆ ದಿಲ್ಲಿಯ ಕಥೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. 1975ರ ಜೂನ್ 26ರ ಬೆಳಗ್ಗೆ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮ್‌ನಂದನ್ ಮಿಶ್ರ ಎಲ್ಲ ಬೆಂಗಳೂರಲ್ಲಿದ್ದರು, ಸಂಸದೀಯ ಸಮಿತಿಯ ಕೆಲಸಕ್ಕೆ ಬಂದಿದ್ದರು. ಅಲ್ಲೇ ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಈಗ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಜಾಗ. ಮಧು ದಂಡವತೆ ಬೆಂಗಳೂರು ಜೈಲಿನಲ್ಲಿ, ಅವರ ಹೆಂಡತಿ ಪ್ರಮೀಳಾ ದಂಡವತೆ ಪುಣೆಯ ಯೆರವಡಾ ಜೈಲಿನಲ್ಲಿ. ಗಂಡ ಹೆಂಡತಿ ಕಾಗದ ಬರೆದುಕೊಂಡೇ ದಿನ ದೂಡಿದರು. ಯೆರವಡಾದಲ್ಲಿ ಆಗ ಆರೆಸ್ಸೆಸ್ ಮುಖ್ಯಸ್ಥ ದೇವರಸ್ ಕೂಡ ಇದ್ದರು, ಸಮಾಜವಾದಿಗಳೂ ಇದ್ದರು. ಹೊರಗೆ ಮುಖ ಕೊಟ್ಟು ಮಾತಾಡದವರು ಒಳಗೆ ಒಂದೇ ಅನ್ನ ಉಂಡರು. ಜಯಪ್ರಕಾಶ್ ನಾರಾಯಣರನ್ನು ನವೆಂಬರ್‌ನಲ್ಲಿ ಬಿಟ್ಟರು. ಯಾಕೆ ಬಿಟ್ಟರು ಅಂದರೆ ಕಿಡ್ನಿ ಹೋಗಿತ್ತು. ಅವರನ್ನು ತಂದು ಸೇರಿಸಿದ್ದು ಇಲ್ಲೇ, ಜಸ್‌ಲೋಕ್ ಆಸ್ಪತ್ರೆಗೆ. ಅಲ್ಲಿಂದ ಮುಂದೆ ಸಾಯುವವರೆಗೂ ಡಯಾಲಿಸಿಸ್ ಮೇಲೇ ಇದ್ದರು.

ಜಾರ್ಜ್ ಫರ್ನಾಂಡಿಸ್ ಬಗ್ಗೆ ಈ ಊರಿನ ಕನ್ನಡಿಗರಿಗೆ ನಾನು ಹೇಳುವುದೇನಿದೆ. ಮಂಗಳೂರಿನ ಹುಡುಗ, 1949ರಲ್ಲಿ ಮುಂಬಯಿಗೆ ಬಂದವರು, ಚೌಪಾಟಿಯ ಬೆಂಚಿನ ಮೇಲೆ ಮಲಗಿದವರು. ನಮ್ಮೂರಿನ ಹೋಟೆಲ್ ಹುಡುಗರು ಹಗಲೆಲ್ಲ ಟೇಬಲ್ ಒರೆಸಿ ರಾತ್ರಿ ಶಾಲೆಗೆ ಹೋಗುತ್ತಿದ್ದ ಕಾಲ ಅದು. ಆ ಹೋಟೆಲ್ ಕಾರ್ಮಿಕರನ್ನೂ ಟ್ಯಾಕ್ಸಿಯವರನ್ನೂ ಸೇರಿಸಿ ಯೂನಿಯನ್ ಕಟ್ಟಿ, 1967ರಲ್ಲಿ ಯಾರೂ ಸೋಲಿಸಲಾರರು ಅಂತಿದ್ದ ಎಸ್.ಕೆ. ಪಾಟೀಲರನ್ನೇ ಸೋಲಿಸಿದವರು. ತುರ್ತು ಪರಿಸ್ಥಿತಿ ಬಂದಾಗ ವೇಷ ಮರೆಸಿಕೊಂಡು ಭೂಗತರಾದರು. ಅವರು ಸಿಗಲಿಲ್ಲ ಅಂತ ಅವರ ತಮ್ಮ ಲಾರೆನ್ಸ್‌ರನ್ನು ಬೆಂಗಳೂರಲ್ಲಿ ಹಿಡಿದು ಪೊಲೀಸರು ಕೊಟ್ಟ ಹಿಂಸೆಯನ್ನು ಇಲ್ಲಿ ವಿವರಿಸುವುದಿಲ್ಲ. ಅದು 1976ರ ಮೇ. ಅದೇ ಮೇ ತಿಂಗಳಲ್ಲಿ ಸ್ನೇಹಲತಾ ರೆಡ್ಡಿ ಅವರನ್ನೂ ಹಿಡಿದರು. ಜಾರ್ಜ್ ಸಿಕ್ಕಿದ್ದು ಜೂನ್ 10ಕ್ಕೆ, ಕಲ್ಕತ್ತೆಯಲ್ಲಿ.

ಸ್ನೇಹಲತಾ ಅವರ ತಾರೀಕುಗಳನ್ನು ಮಾತ್ರ ನಿಧಾನವಾಗಿ ಕೇಳಿ. ರಂಗಭೂಮಿಯವರು, ಕನ್ನಡ ಸಿನಿಮಾದಲ್ಲಿ ನಟಿಸಿದವರು. ಅಸ್ತಮಾ ಇತ್ತು. ಬರೋಡಾ ಡೈನಮೈಟ್ ಕೇಸಿನ ಹೆಸರಲ್ಲಿ, ಅಂದರೆ ಸರ್ಕಾರದ ವಿರುದ್ಧ ಸ್ಫೋಟಕ ಕೂಡಿಟ್ಟರು ಅಂತ ಜಾರ್ಜ್ ಮತ್ತು ಅವರ ಗೆಳೆಯರ ಮೇಲೆ ಹಾಕಿದ ಕೇಸಿನಲ್ಲಿ ಹಿಡಿದರು, ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ವಿಚಾರಣೆ ಇಲ್ಲದೆ ಕೂಡಿಹಾಕಲು ಬಿಡುವ ಮೀಸಾ ಕಾಯ್ದೆಯ ಅಡಿಯಲ್ಲಿ ಎಂಟು ತಿಂಗಳು ಬೆಂಗಳೂರು ಜೈಲಿನಲ್ಲಿ ಇಟ್ಟರು. ಸ್ಥಿತಿ ಕೈಮೀರಿದ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 18ರಂದು ಇಂದಿರಾ ಗಾಂಧಿ ರೇಡಿಯೋದಲ್ಲಿ ಚುನಾವಣೆ ಘೋಷಿಸಿದರು. ಜನವರಿ 20ರಂದು ಸ್ನೇಹಲತಾ ತೀರಿಕೊಂಡರು. ಜೈಲಿನಲ್ಲಿ ಸತ್ತವರ ಲೆಕ್ಕದಲ್ಲಿ ಅವರ ಹೆಸರು ಬರುವುದಿಲ್ಲ, ಯಾಕೆಂದರೆ ಸತ್ತದ್ದು ಹೊರಗೆ.

ಜನವರಿ 18ರಿಂದ ನಾಯಕರನ್ನು ಬಿಡಲು ಶುರು ಮಾಡಿದರು. ಜನವರಿ 23ಕ್ಕೆ ಜನತಾ ಪಕ್ಷ ಹುಟ್ಟಿತು. ಮತದಾನ ಮಾರ್ಚ್ 16ರಿಂದ 20ರವರೆಗೆ. ಅಷ್ಟೂ ದಿನ ತುರ್ತು ಪರಿಸ್ಥಿತಿ ತೆಗೆದಿರಲಿಲ್ಲ, ಸಡಿಲ ಮಾಡಿದ್ದರು ಅಷ್ಟೇ. ಅದನ್ನು ತೆಗೆದದ್ದು ಮಾರ್ಚ್ 21ಕ್ಕೆ, ಸೋತದ್ದು ಖಚಿತವಾದ ಮೇಲೆ. ಇಂದಿರಾ ಗಾಂಧಿ ಚುನಾವಣೆ ಯಾಕೆ ಮಾಡಿದರು ಅನ್ನುವುದಕ್ಕೆ ನೂರು ಊಹೆಗಳಿವೆ, ಅದು ಬೇಡ. ನನಗೆ ಬೇಕಾದದ್ದು ಆ ಎರಡು ತಿಂಗಳು. ಎದುರಾಳಿಗಳು ಹೊರಗೆ ಬಂದು ಒಟ್ಟು ಸೇರಿ, ಅಭ್ಯರ್ಥಿ ಹುಡುಕಿ, ದುಡ್ಡು ಎತ್ತಿ, ಬೂತಿಗೆ ಜನ ನಿಲ್ಲಿಸಲು ಎರಡು ತಿಂಗಳು ಸಿಕ್ಕಿತು. ಬರ್ಮಾದಲ್ಲಿ ಸಿಗದೆ ಹೋದದ್ದು ಇದೇ. ಅದೇ ನಾಯಕರನ್ನು 1977ರ ಮಾರ್ಚ್ 26ಕ್ಕೆ ಬಿಟ್ಟಿದ್ದರೆ? ಬಿಡುಗಡೆಯೂ ಆಗುತ್ತಿತ್ತು, ಫೋಟೋನೂ ಬರುತ್ತಿತ್ತು, ಸರ್ಕಾರ ಮಾತ್ರ ಹಳೆಯದೇ ಇರುತ್ತಿತ್ತು.

ಬೂತ್ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ನಾಯಕರು ಒಳಗಿದ್ದರೆ ಕೆಲವು ಸಲ ಲಾಭವೇ ಆಗುತ್ತದೆ. ಜಾರ್ಜ್‌ರನ್ನು ಬಿಡಲೇ ಇಲ್ಲ. ಜೈಲಿನಿಂದಲೇ ಬಿಹಾರದ ಮುಜಫ್ಫರ್‌ಪುರದಲ್ಲಿ ನಿಂತರು. ಕ್ಷೇತ್ರಕ್ಕೆ ಕಾಲಿಡಲಿಲ್ಲ. ಸರಪಳಿ ಹಾಕಿದ ಕೈ ಮೇಲೆತ್ತಿದ ಅವರ ಫೋಟೋ ಊರೂರು ತಿರುಗಿತು. ಮೂರು ಲಕ್ಷಕ್ಕೂ ಜಾಸ್ತಿ ಮತಗಳ ಅಂತರದಲ್ಲಿ ಗೆದ್ದರು. ಆದರೆ ತಾಲ್ಲೂಕು ಮಟ್ಟದ ಕಾರ್ಯಕರ್ತ ಒಳಗೆ ಹೋದರೆ ಅವನ ಫೋಟೋ ಯಾರೂ ಹಿಡಿದು ತಿರುಗುವುದಿಲ್ಲ. ಅವನಿಲ್ಲದ ಬೂತಿನಲ್ಲಿ ಏಜೆಂಟ್ ಇಲ್ಲ, ಎಣಿಕೆಯ ಮೇಜಿನ ಹತ್ತಿರ ಕಣ್ಣಿಟ್ಟು ನೋಡುವವರಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರು ಹಾರಿಹೋದರೆ ಕೇಳುವವರಿಲ್ಲ. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ವಿಚಾರಿಸಿದ ಶಾ ಆಯೋಗದ ಲೆಕ್ಕದಲ್ಲಿ ಮೀಸಾ ಅಡಿಯಲ್ಲಿ 34,988 ಜನ, ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ 75,818 ಜನ ಬಂಧನದಲ್ಲಿದ್ದರು. ಇವರಲ್ಲಿ ನಿಮಗೆ ಹೆಸರು ಗೊತ್ತಿರುವವರು ಎಷ್ಟು, ಐವತ್ತು? ಉಳಿದವರೆಲ್ಲ ಇಂಥ ಬೂತಿನ ಜನ.

ಮುಂಬಯಿಯ ಫಲಿತಾಂಶ ನೆನಪಿದೆಯಲ್ಲ? ಆರಕ್ಕೆ ಆರೂ ಕಾಂಗ್ರೆಸ್ ಕೈತಪ್ಪಿತು. ನೀರಿಗಾಗಿ ಹೋರಾಡಿದ, ಜೈಲಿಗೂ ಹೋಗಿ ಬಂದ ಮೃಣಾಲ್ ಗೋರೆ ಗೆದ್ದಾಗ 'ಪಾನಿವಾಲಿ ಬಾಯಿ ದಿಲ್ಲಿ ಮೇ, ದಿಲ್ಲಿವಾಲಿ ಬಾಯಿ ಪಾನಿ ಮೇ' ಅಂತ ಕೂಗು, ಅಂದರೆ ನೀರಿನ ಹೆಂಗಸು ದಿಲ್ಲಿಗೆ, ದಿಲ್ಲಿಯ ಹೆಂಗಸು, ಅಂದರೆ ಇಂದಿರಾ, ನೀರಿಗೆ. ಪುಣೆಯಲ್ಲಿ ಮೋಹನ್ ಧಾರಿಯಾ, ಅವರೂ ಜೈಲು ಕಂಡವರೇ. ಸರಿ, ಕರ್ನಾಟಕದಲ್ಲಿ? ಅಡ್ವಾಣಿ, ವಾಜಪೇಯಿ ಇದ್ದ ಜೈಲು ನಮ್ಮದು, ಸ್ನೇಹಲತಾ ನಮ್ಮವರು, ಲಾರೆನ್ಸ್ ನಮ್ಮವರು. 28ರಲ್ಲಿ 26 ಸ್ಥಾನ ಕಾಂಗ್ರೆಸ್‌ಗೇ! ಜನತಾ ಪಕ್ಷಕ್ಕೆ ಬಂದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಗೆದ್ದವರು ಕೆ.ಎಸ್. ಹೆಗ್ಡೆ, 1973ರಲ್ಲಿ ತಮ್ಮನ್ನು ದಾಟಿಸಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು ಅಂತ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಬಂದವರು. ಜೈಲಿಗೆ ಹಾಕಿದರೆ ಜನ ಸಿಟ್ಟಾಗಿ ಮತದಿಂದ ಬುದ್ಧಿ ಕಲಿಸುತ್ತಾರೆ ಅನ್ನುವ ಕಥೆಯನ್ನು ನಾವು ಸುಮ್ನೆ ಇಷ್ಟಪಟ್ಟು ಹೇಳಿಕೊಳ್ಳುತ್ತೇವೆ. ಉತ್ತರದಲ್ಲಿ ಮನೆಮನೆಗೆ ತಟ್ಟಿದ್ದು ನಸ್‌ಬಂದಿ, ಅಂದರೆ ಒತ್ತಾಯದ ಸಂತಾನಹರಣ ಶಸ್ತ್ರಚಿಕಿತ್ಸೆ, ಮತ್ತೆ ಮನೆ ಕೆಡವುವ ಬುಲ್ಡೋಜರ್. ನಮ್ಮಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಭೂಸುಧಾರಣೆ ಮಾಡುತ್ತಿದ್ದರು, ಗೇಣಿದಾರನಿಗೆ ಜಮೀನು ಸಿಗುತ್ತಿತ್ತು. ಯಾರೋ ಒಳಗಿದ್ದಾರೆ ಅನ್ನುವ ಸುದ್ದಿ ಪೇಪರಿನಲ್ಲೂ ಬರುತ್ತಿರಲಿಲ್ಲ. ಬಂದಿದ್ದರೂ ಜಮೀನಿನ ಮುಂದೆ ಅದು ಗೆಲ್ಲುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ಕೋರ್ಟುಗಳು ಏನು ಮಾಡಿದವು? ಹಿಡಿದದ್ದು ಸರಿಯೋ ತಪ್ಪೋ ಅಂತ ನಾವು ನೋಡಬಹುದು ಅಂತ ಒಂಬತ್ತು ಹೈಕೋರ್ಟುಗಳು ಧೈರ್ಯವಾಗಿ ಹೇಳಿದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಅದನ್ನೆಲ್ಲ ಅಳಿಸಿ, ತುರ್ತು ಪರಿಸ್ಥಿತಿಯಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದವರನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳುವ ಹಕ್ಕೇ ಇಲ್ಲ ಅಂದಿತು. ನಾಲ್ವರು ಒಂದು ಕಡೆ, ಎಚ್.ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. 1977ರ ಜನವರಿ ಕೊನೆಗೆ ಖನ್ನಾರನ್ನು ದಾಟಿಸಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಗಮನಿಸಿ, ಚುನಾವಣೆ ಘೋಷಿಸಿ ಹತ್ತೇ ದಿನ ಆಗಿತ್ತು. ಆ ನಾಲ್ವರಲ್ಲಿ ಒಬ್ಬರಾದ ಪುಣೆಯ ವೈ.ವಿ. ಚಂದ್ರಚೂಡರ ಅಭಿಪ್ರಾಯ ತಪ್ಪು ಅಂತ 2017ರಲ್ಲಿ ಬರೆದವರು ಅವರ ಮಗನೇ. ನಲವತ್ತೊಂದು ವರ್ಷ ಆದ ಮೇಲೆ.

ಇನ್ನು ಪ್ರಶ್ನೆಗಳು.

ಒಬ್ಬ ಹಿರಿಯರು ಎದ್ದು, "ಏನೇ ಹೇಳಿ, ಆಗ ಟ್ರೈನು ಸರಿಯಾದ ಟೈಮಿಗೆ ಬರುತ್ತಿತ್ತು" ಅಂದರು. ಮುಂಬಯಿಯಲ್ಲಿ ಈ ಮಾತು ಬರದೆ ಇಂಥ ಸಭೆ ಮುಗಿಯುವುದಿಲ್ಲ, ಎಲ್ಲರೂ ನಕ್ಕರು. ಬರುತ್ತಿತ್ತು ಸರ್, ಒಪ್ಪಿಕೊಳ್ಳೋಣ. ಅದಕ್ಕೆ ಒಂದು ವರ್ಷ ಮೊದಲು, 1974ರ ಮೇನಲ್ಲಿ, ರೈಲ್ವೆ ನೌಕರರು ದೇಶವೆಲ್ಲ ಮುಷ್ಕರ ಮಾಡಿದ್ದರು, ಸಾವಿರಾರು ಜನರನ್ನು ಹಿಡಿದು ಅದನ್ನು ಮುರಿದಿದ್ದರು. ಬಾಯಿ ಬಿಟ್ಟರೆ ಮತ್ತೆ ಒಳಗೆ ಅಂತ ಗೊತ್ತಿದ್ದವನು ಟೈಮಿಗೆ ಬರದೆ ಏನು ಮಾಡುತ್ತಾನೆ? ಆದರೂ ಕೇಳುತ್ತೇನೆ, 8.12ರ ಲೋಕಲ್ 8.12ಕ್ಕೇ ಬರಲು ಅಸ್ತಮಾ ಇರುವ ಒಬ್ಬ ನಟಿ ಬೆಂಗಳೂರಲ್ಲಿ ಎಂಟು ತಿಂಗಳು ಒಳಗಿರಬೇಕಿತ್ತಾ? ಅವರು ಉತ್ತರ ಕೊಡಲಿಲ್ಲ. ಚಹಾದ ಹೊತ್ತಿಗೆ ಬಂದು, "ನೀವು ಹೇಳಿದ್ದು ಸರಿ, ಆದರೆ ಟ್ರೈನು ಬರುತ್ತಿತ್ತು" ಅಂದರು.

ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, ಜೈಲಿನಲ್ಲಿರುವವರು ಮತ ಹಾಕಬಹುದಾ ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ, ಉತ್ತರ ಸ್ವಲ್ಪ ತಮಾಷೆಯಾಗಿದೆ. ಜನಪ್ರತಿನಿಧಿ ಕಾಯ್ದೆಯ 62(5)ನೇ ಸೆಕ್ಷನ್ ಪ್ರಕಾರ ಜೈಲಿನಲ್ಲಿರುವವರಿಗೆ ಮತ ಇಲ್ಲ. ಶಿಕ್ಷೆ ಆಗದೆ ವಿಚಾರಣೆಗೆ ಕಾಯುತ್ತಿರುವವರಿಗೂ ಇಲ್ಲ. ಆದರೆ ಮುಂಜಾಗ್ರತಾ ಬಂಧನದಲ್ಲಿರುವವರಿಗೆ ಇದೆ, ಅವರು ಅಂಚೆ ಮೂಲಕ ಮತ ಹಾಕಬಹುದು. ಅಂದರೆ ಯಾವ ಆರೋಪವೂ ಇಲ್ಲದೆ ಹಿಡಿದಿಟ್ಟವನಿಗೆ ಮತ ಇದೆ, ಆರೋಪ ಹೊತ್ತು ಇನ್ನೂ ಸಾಬೀತಾಗದವನಿಗೆ ಇಲ್ಲ. ಆದರೆ ವಿಚಾರಣಾಧೀನ ಕೈದಿ ಚುನಾವಣೆಗೆ ನಿಲ್ಲಬಹುದು! ಜಾರ್ಜ್ ಗೆದ್ದದ್ದು ಹಾಗೆ. ಮತ ಹಾಕಲಾಗದವನು ನಿಲ್ಲಲೂ ಬಾರದು ಅಂತ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸಂಸತ್ತು ಅದೇ ವರ್ಷ ಕಾಯ್ದೆ ತಿದ್ದಿ ಆ ದಾರಿ ಮತ್ತೆ ತೆರೆಯಿತು. 2024ರ ಲೋಕಸಭೆಗೆ ಬಾರಾಮುಲ್ಲಾದಿಂದ ಒಬ್ಬರು, ಪಂಜಾಬಿನ ಖಡೂರ್ ಸಾಹಿಬ್‌ನಿಂದ ಒಬ್ಬರು ಜೈಲಿನಲ್ಲಿದ್ದುಕೊಂಡೇ ಗೆದ್ದರು. ಅವರ ರಾಜಕೀಯ ನಿಮಗೆ ಹಿಡಿಸದೆ ಇರಬಹುದು, ನನಗೂ ತಕರಾರಿದೆ. ಆದರೆ ಈ ಬಾಗಿಲನ್ನು ನಮಗೆ ಬೇಕಾದವರಿಗೆ ಮಾತ್ರ ತೆರೆದಿಡಲು ಆಗುವುದಿಲ್ಲ.

ಕೊನೆಯ ಪ್ರಶ್ನೆ, ಮತ್ತೆ ಹಾಗೆ ಆಗಲು ಸಾಧ್ಯವೇ ಅನ್ನುವುದು. 1975ರ ರೀತಿಯಲ್ಲೇ ಆಗುವುದು ಕಷ್ಟ. ಜನತಾ ಸರ್ಕಾರ ತಂದ 44ನೇ ತಿದ್ದುಪಡಿಯಿಂದ ಈಗ ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ತಡೆಹಿಡಿಯುವಂತಿಲ್ಲ. ಮೀಸಾ ಹೋಯಿತು. ಆದರೆ 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆ ಬಂತು, ಅದರಲ್ಲಿ ವಿಚಾರಣೆ ಇಲ್ಲದೆ ಹನ್ನೆರಡು ತಿಂಗಳವರೆಗೆ ಇಡಬಹುದು. ನಮ್ಮ ಸಂವಿಧಾನದ 22ನೇ ವಿಧಿಯಲ್ಲೇ ಮುಂಜಾಗ್ರತಾ ಬಂಧನಕ್ಕೆ ಜಾಗ ಇದೆ, ಸಲಹಾ ಮಂಡಳಿಯನ್ನು ಕೇಳದೆ ಮೂರು ತಿಂಗಳು ಇಡಬಹುದು. ಅದೇ 44ನೇ ತಿದ್ದುಪಡಿಯ ಮೂರನೇ ಸೆಕ್ಷನ್ ಅದನ್ನು ಎರಡು ತಿಂಗಳಿಗೆ ಇಳಿಸಿ, ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ರಚಿಸಬೇಕು ಅಂದಿತ್ತು. ಸಂಸತ್ತು ಪಾಸು ಮಾಡಿತು, ರಾಷ್ಟ್ರಪತಿ ಸಹಿ ಹಾಕಿದರು. ಯಾವತ್ತಿನಿಂದ ಜಾರಿ ಅನ್ನುವ ತಾರೀಕನ್ನು ಮಾತ್ರ ಕೇಂದ್ರ ಸರ್ಕಾರ ಗೊತ್ತುಮಾಡಬೇಕು. ಅಲ್ಲಿಂದೀಚೆಗೆ ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋಗಿವೆ, ಮೀಸಾದಲ್ಲಿ ಜೈಲು ಕಂಡವರೇ ಪ್ರಧಾನಿಯೂ ಗೃಹಮಂತ್ರಿಯೂ ಆಗಿದ್ದರು. ಆ ತಾರೀಕನ್ನು ಇನ್ನೂ ಯಾರೂ ಗೊತ್ತುಮಾಡಿಲ್ಲ.